ಹನೂರಿನ ಮೇಲೆ ಯಳಂದೂರಿಗೆ

ಕೊಳ್ಳೇಗಾಲದಿಂದ ಯಳಂದೂರಿಗೆ ಒಂದು ರಸ್ತೆ ಇದೆ. ಅದು ಕೊಳ್ಳೇಗಾಲದಲ್ಲಿ ಹೊರಟು ಯಳಂದೂರಿಗೆ ಹೋಗುತ್ತದೆ. ಎತ್ತಿನ ಗಾಡಿ, ಬಸ್ಸು, ಕುರಿಮಂದೆ, ಮದುವೆ ದಿಬ್ಬಣ ಎಲ್ಲವೂ ಅದರ ಮೇಲೇ ಹೋಗುತ್ತವೆ. ಎಲ್ಲವೂ ಯಳಂದೂರು ಸೇರುತ್ತವೆ. ಇಷ್ಟು ಸರಳವಾದ ವಿಷಯದಲ್ಲಿ ಒಬ್ಬ ಮನುಷ್ಯ ದಾರಿ ತಪ್ಪಲು ಸಾಧ್ಯವೇ ಎಂದು ನೀವು ಕೇಳಬಹುದು. ಸಾಧ್ಯ. ಸ್ವಲ್ಪ ಬುದ್ಧಿ ಹೆಚ್ಚಿರಬೇಕು, ಅಷ್ಟೆ.

ನಮ್ಮದು ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಮನೆ. ನಮ್ಮಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು, ನಮ್ಮಣ್ಣ ನೇಯುತ್ತಿದ್ದ. ನಾನೂ ನೇಯಬೇಕೆಂದೇ ಹುಟ್ಟಿದವನು. ಆದರೆ ಮಗ್ಗದ ಗುಂಡಿಯೊಳಕ್ಕೆ ಕಾಲು ಇಳಿಬಿಟ್ಟ ಕೂಡಲೇ ನನಗೆ ನಿದ್ದೆ ಬರುತ್ತಿತ್ತು. ಒಮ್ಮೆ ಯಾರದೋ ಧಾರೆ ಸೀರೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆದದ್ದನ್ನು ಕಂಡು ನಮ್ಮಪ್ಪ, “ಇವ್ನು ಬೇರೆ ಏನಾರಾ ಕಲೀಲಿ” ಎಂದು ತೀರ್ಮಾನ ಕೊಟ್ಟರು. ಹಾಗೆ ನಾನು ಔಷಧ ಕಲಸುವುದನ್ನು ಕಲಿತು ಕಾಂಪೌಂಡರ್ ಆದೆ. ಕೆಲಸ ಸಿಕ್ಕಿದ್ದು ಯಳಂದೂರಿನ ಒಬ್ಬ ಡಾಕ್ಟರ ಷಾಪಿನಲ್ಲಿ.

ಆಗಿನ್ನೂ ಕೊಳ್ಳೇಗಾಲ ಮದ್ರಾಸ್ ಸರ್ಕಾರಕ್ಕೆ ಸೇರಿತ್ತು, ಯಳಂದೂರು ಮೈಸೂರಿಗೆ. ನಾನು ಬೆಳಿಗ್ಗೆ ಮದ್ರಾಸಿನಲ್ಲಿ ಎದ್ದು, ಹಗಲೆಲ್ಲ ಮೈಸೂರಿನಲ್ಲಿ ದುಡಿದು, ಸಂಜೆ ಮಲಗಲು ಮದ್ರಾಸಿಗೆ ವಾಪಸು ಬರುತ್ತಿದ್ದೆ. ಇಷ್ಟು ದೊಡ್ಡ ಸಂಚಾರವನ್ನು ಬಸ್ಸನ್ನು ನಂಬಿ ಮಾಡುವಂತಿರಲಿಲ್ಲ. ಬಸ್ಸು ತುಂಬಿದಾಗ ಹೊರಡುತ್ತಿತ್ತು. ಅದು ಯಾವಾಗ ತುಂಬಬೇಕೆಂಬುದು ದೇವರಿಗೂ ಡ್ರೈವರಿಗೂ ಬಿಟ್ಟ ವಿಷಯ. ಆದ್ದರಿಂದ ಸೈಕಲ್ ಕೊಂಡೆ.

ಸೈಕಲ್ ಹೊಸದಲ್ಲ. ಕೆಲಸದಿಂದ ನಿವೃತ್ತರಾದ ಪೋಸ್ಟ್‌ಮ್ಯಾನ್ ಒಬ್ಬರು ಬಿಟ್ಟುಕೊಟ್ಟದ್ದು. ಗಟ್ಟಿ ಗಾಡಿ. ಒಂದೇ ದೋಷ, ಹಳೆಯ ಅಭ್ಯಾಸಬಲದಿಂದ ಪ್ರತಿ ಮನೆಯ ಮುಂದೂ ತಾನಾಗಿಯೇ ನಿಧಾನವಾಗುತ್ತಿತ್ತು. ಇರಲಿ, ರಸ್ತೆಯಲ್ಲಿ ಮನೆಗಳೇ ಕಡಿಮೆ ಎಂದುಕೊಂಡೆ. ಮೊದಲ ದಿನ ಗರಿಗರಿ ಪಂಚೆ ಕಟ್ಟಿ, ಬುತ್ತಿ ಡಬ್ಬಿಯನ್ನು ಕ್ಯಾರಿಯರಿಗೆ ಬಿಗಿದು, ಬೀದಿಯವರೆಲ್ಲ ನೋಡುವಂತೆ ಬೆಲ್ಲು ಹೊಡೆಯುತ್ತಾ ಹೊರಟೆ. ಗಾಳಿ ತಂಪಾಗಿತ್ತು, ರಸ್ತೆ ನುಣ್ಣಗಿತ್ತು. ಈ ಪ್ರಪಂಚದಲ್ಲಿ ಜನ ಯಾಕೆ ನಡೆಯುತ್ತಾರೋ ಎಂದು ಆಶ್ಚರ್ಯಪಡುತ್ತಾ ಮಾಂಬಳ್ಳಿ ತಲುಪಿದೆ.

ಮಾಂಬಳ್ಳಿ ಯಳಂದೂರಿಗೆ ಮುಂಚೆ ಸಿಗುವ ಊರು. ಅಲ್ಲಿ ರಸ್ತೆಗೆ ಮುಖಮಾಡಿಕೊಂಡು ಒಂದು ಜಗಲಿ ಇದೆ. ಜಗಲಿಯ ಮೇಲೆ ನನ್ನ ಹೆಂಡತಿ ಗೌರಿಯ ಸೋದರಮಾವ ಮರಿಸ್ವಾಮಪ್ಪನವರು ಕೂತಿದ್ದರು.

“ಏನ್ ಅಳಿಮಯ್ಯ, ಇಂಗ್ ಓಯ್ತಾ ಇದ್ದೀರಿ? ಬನ್ನಿ, ವಸಿ ಮಜ್ಜಿಗೆ ಕುಡ್ದು ಓಗಿ.”

“ಹೊತ್ತಾಯ್ತು ಮಾವ” ಎಂದೆ.

“ಹೊತ್ತು ಎಲ್ಲೋಯ್ತದೆ, ಇಲ್ಲೇ ಇರ್ತದೆ” ಎನ್ನುತ್ತಾ ಇಳಿದು ಬಂದು ಹ್ಯಾಂಡಲ್ ಹಿಡಿದುಕೊಂಡರು.

ಮಾವನವರ ಮಾತಿನ ಕ್ರಮವೇ ಅದು. ಮೊದಲು ಹ್ಯಾಂಡಲ್ ಹಿಡಿಯುವುದು, ಆಮೇಲೆ ಶುರು ಮಾಡುವುದು. ತಮ್ಮ ಎಡ ಮಂಡಿಯ ನೋವಿನಿಂದ ಹೊರಟು, ಬಲ ಮಂಡಿಯ ಸುಖವನ್ನು ವರ್ಣಿಸಿ, ಅಲ್ಲಿಂದ ತಮ್ಮ ಎತ್ತಿನ ಮಂಡಿಗೆ ಬಂದು, ಆ ಎತ್ತನ್ನು ಮಾರಿದವನ ಮನೆತನದ ಚರಿತ್ರೆ ಹಿಡಿದರು. ಮಧ್ಯೆ ಅವರ ಹೆಂಡತಿ, ಅತ್ತೆ, ಮಜ್ಜಿಗೆ ತಂದುಕೊಟ್ಟರು. ಒಂದು ಲೋಟ ಕುಡಿದರೆ ಇನ್ನೊಂದು ಬಂತು. ಚರಿತ್ರೆ ಆ ಮನೆತನದ ಅಜ್ಜನ ಕಾಲಕ್ಕೆ ಬರುವ ಹೊತ್ತಿಗೆ ಬಿಸಿಲು ಏರಿತ್ತು.

ಯಳಂದೂರಿನಲ್ಲಿ ಡಾಕ್ಟರು ಕುರ್ಚಿಯ ಮೇಲೆ ಕೂತಿದ್ದರು. ರೋಗಿಗಳು ಮೆಟ್ಟಿಲ ಮೇಲೆ ಕೂತಿದ್ದರು. ಔಷಧದ ಬೀರುವಿಗೆ ಬೀಗ ಹಾಕಿತ್ತು. ಬೀಗದ ಕೈ ನನ್ನ ಉಡಿದಾರದಲ್ಲಿತ್ತು. ಅದು ನನ್ನ ಹತ್ತಿರವೇ ಇರಬೇಕೆಂಬುದು ನನ್ನದೇ ಹಟ. ಬೀಗದ ಕೈ ಇಲ್ಲದ ಕಾಂಪೌಂಡರು ಎಂದರೆ ಬಾಟಲಿ ತೊಳೆಯುವವನು ಎಂದು ನಾನು ವಾದಿಸಿ ಗೆದ್ದಿದ್ದೆ. ಡಾಕ್ಟರು ಮಾತು ಕಡಿಮೆಯ ಮನುಷ್ಯರು. ಗಡಿಯಾರ ನೋಡಲಿಲ್ಲ, ನನ್ನನ್ನು ನೋಡಿದರು. ಗಡಿಯಾರ ನೋಡಿದ್ದರೇ ಚೆನ್ನಾಗಿತ್ತು.

ಮರುದಿನವೂ ಮಜ್ಜಿಗೆ. ಅದರ ಮರುದಿನವೂ. ಸೈಕಲ್ಲಿಗಂತೂ ಆ ಜಗಲಿ ತನ್ನ ಹಳೆಯ ಉದ್ಯೋಗವನ್ನು ನೆನಪಿಸಿರಬೇಕು, ಅಲ್ಲಿಗೆ ಬಂದ ಕೂಡಲೇ ಕಾಲೂರಿ ನಿಂತಂತೆ ನಿಲ್ಲುತ್ತಿತ್ತು. ವಾರ ಕಳೆಯುವುದರೊಳಗೆ ನಾನು ಗೌರಿಯ ಮುಂದೆ ಅಹವಾಲು ಇಟ್ಟೆ. ಅವಳು ಹಜಾರದಲ್ಲಿ ಕೂತು ರಾಟೆಗೆ ರೇಷ್ಮೆ ಸುತ್ತುತ್ತಿದ್ದಳು.

“ನಿಮ್ಮ ಮಾವನಿಗೆ ಒಂದು ಮಾತು ಹೇಳು. ಬೆಳಿಗ್ಗೆ ಹೊತ್ತು ನನ್ನನ್ನು ನಿಲ್ಲಿಸಬಾರದು ಅಂತ.”

ರಾಟೆ ನಿಂತಿತು. “ಯಾರ್ಗೆ? ಮಾವನ್ಗಾ? ನಮ್ ಮದುವೆ ಮಾಡ್ಸಿದ್ದು ಯಾರು?”

ಅದಕ್ಕೂ ಸೇರಿಸಿ ಒಂದು ಮಾತು ಹೇಳು ಎನ್ನಬೇಕೆಂದಿದ್ದೆ. ಎನ್ನಲಿಲ್ಲ.

“ನಿಲ್ಲದೆ ಹೋದರೆ ಏನಾಗ್ತದೆ?” ಎಂದೆ.

“ಓಗ್ ನೋಡಿ. ಆಮೇಲೆ ನಮ್ಮವ್ವನ್ ಮುಂದೆ ನೀವೇ ನಿಂತ್ಕಂಡು ಉತ್ರ ಏಳಿ.”

ಗೌರಿಯ ತಾಯಿಯ ಮುಂದೆ ನಿಂತು ಉತ್ತರ ಹೇಳಿದವರು ಯಾರೂ ನಮ್ಮ ಬೀದಿಯಲ್ಲಿ ಇರಲಿಲ್ಲ. ಹೀಗಾಗಿ ಒಂದು ತೀರ್ಮಾನಕ್ಕೆ ಬಂದೆ. ಮಾವ ಇರುವುದು ರಸ್ತೆಯ ಮೇಲೆ. ಮಾವನನ್ನು ಎಬ್ಬಿಸಲು ಆಗುವುದಿಲ್ಲ. ಆದ್ದರಿಂದ ರಸ್ತೆಯನ್ನೇ ಬಿಡತಕ್ಕದ್ದು.

ಮೊದಲು ಆರಿಸಿಕೊಂಡದ್ದು ಕಾಲುವೆ ಏರಿಯನ್ನು. ಗದ್ದೆ ಬಯಲಿನ ನಡುವೆ ಹಾದು ಹೋಗುವ ಏರಿ. ಒಂದು ಕಡೆ ನೀರು, ಇನ್ನೊಂದು ಕಡೆ ಹಸಿರು ಪೈರು, ಮೇಲೆ ಕೊಕ್ಕರೆ. ರಸ್ತೆಯಲ್ಲಿ ಹೋಗುವವರಿಗೆ ಈ ಸೌಭಾಗ್ಯ ಎಲ್ಲಿ ಎಂದುಕೊಂಡೆ. ಮಾಂಬಳ್ಳಿಯ ಹೆಂಚುಗಳು ದೂರದಲ್ಲಿ ಕಂಡವು. ಮಾವನ ಮನೆಯ ದಿಕ್ಕಿಗೆ ನೋಡಿ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ. ಕತ್ತು ತಿರುಗಿಸಿ ಮುಂದೆ ನೋಡುವ ಹೊತ್ತಿಗೆ ಎಮ್ಮೆಗಳು ಬರುತ್ತಿದ್ದವು.

ಏರಿಯ ಅಗಲ ಒಂದು ಸೈಕಲ್ಲಿಗೆ ಸಾಲುವಷ್ಟು, ಇಲ್ಲವೇ ಒಂದು ಎಮ್ಮೆಗೆ ಸಾಲುವಷ್ಟು. ಇಂಥ ಜಾಗದಲ್ಲಿ ಎರಡು ಕಕ್ಷಿಗಳು ಎದುರಾದರೆ ಯಾರು ದಾರಿ ಬಿಡಬೇಕು ಎಂಬುದಕ್ಕೆ ಮದ್ರಾಸ್ ಸರ್ಕಾರದಲ್ಲೂ ಕಾಯಿದೆ ಇರಲಿಲ್ಲ, ಮೈಸೂರು ಸರ್ಕಾರದಲ್ಲೂ ಇರಲಿಲ್ಲ. ಎಮ್ಮೆಗಳ ಹತ್ತಿರ ಇತ್ತು. ಮುಂದಿನ ಎಮ್ಮೆ ನನ್ನನ್ನು ದಿಟ್ಟಿಸಿ ನೋಡಿ, ಮೆಲುಕು ಹಾಕುವುದನ್ನು ಕೂಡ ನಿಲ್ಲಿಸದೆ, ಬಂದ ಹಾಗೇ ಬಂತು. ನಾನು ಬೆಲ್ಲು ಹೊಡೆದೆ. ಅದಕ್ಕೆ ಬೆಲ್ಲು ಹಿಡಿಸಿತೆಂದು ಕಾಣುತ್ತದೆ, ಇನ್ನೂ ಸ್ವಲ್ಪ ಹತ್ತಿರ ಬಂತು.

ಹಿಂದಿನಿಂದ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಮುದುಕಿ, “ಯಾಕ್ಸಾ, ಇಳೀಬಾರ್ದಾ?” ಎಂದು ಕೇಳಿದಳು.

“ಇಳಿದೆನಲ್ಲಮ್ಮ” ಎಂದೆ, ಕಾಲುವೆಯೊಳಗಿಂದ.

ನೀರು ಸೊಂಟದವರೆಗೆ, ಕೆಸರು ಮೊಣಕಾಲವರೆಗೆ. ಮುದುಕಿ ಒಳ್ಳೆಯವಳು, ಸೈಕಲ್ಲನ್ನು ಎಳೆದುಕೊಟ್ಟಳು. ನನ್ನನ್ನು ನಾನೇ ಎಳೆದುಕೊಂಡೆ. ಬುತ್ತಿಯ ಅನ್ನ ಮೀನುಗಳಿಗೆ ಆಯಿತು. ತೊಟ್ಟಿಕ್ಕುತ್ತಾ ಷಾಪು ತಲುಪಿ ಮೆಟ್ಟಿಲು ಹತ್ತಿದರೆ, ಅಲ್ಲಿ ಕೂತಿದ್ದ ಒಬ್ಬ ರೋಗಿ ಕರುಣೆಯಿಂದ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

“ಕುಂತ್ಕಳಪ್ಪ. ಕಾಂಪೌಂಡ್ರು ಇನ್ನೂ ಬಂದಿಲ್ಲ.”

ಇಷ್ಟಕ್ಕೆ ಬುದ್ಧಿ ಬರಬೇಕಾಗಿತ್ತು. ನನಗೆ ಬುದ್ಧಿ ಮೊದಲೇ ಇದ್ದದ್ದರಿಂದ ಹೊಸದಾಗಿ ಬರಲು ಜಾಗವಿರಲಿಲ್ಲ. ಒಂದು ಸಂಜೆ ಎರಡನೆಯ ದಾರಿಯನ್ನು ಪತ್ತೆ ಮಾಡಿದೆ. ಈಚಲ ತೋಪಿನ ನಡುವೆ ನುಸುಳಿ ಹೋಗುವ ಕಾಲುದಾರಿ. ನೋಡಿ ಬೆರಗಾದೆ. ಮುಳ್ಳಿಲ್ಲ, ಕಲ್ಲಿಲ್ಲ, ಸೈಕಲ್ ಚಕ್ರಗಳು ಓಡಾಡಿ ಓಡಾಡಿ ಗಾರೆ ನೆಲದ ಹಾಗೆ ನುಣ್ಣಗಾಗಿದೆ. ಇಂಥ ದಾರಿ ಇರುವುದು ಯಾರ ಬಾಯಲ್ಲೂ ಬರಲಿಲ್ಲವಲ್ಲ ಎಂದು ಜನರ ಅಜ್ಞಾನಕ್ಕೆ ಮರುಗಿದೆ. ದಾರಿಯಲ್ಲಿ ಸಿಕ್ಕುತ್ತಿದ್ದ ಸೈಕಲ್ಲಿನವರಂತೂ ದೇವರಂಥ ಜನ. ಬೆಲ್ಲು ಹೊಡೆಯರು, ಮಾತಾಡಿಸರು, ಹ್ಯಾಂಡಲ್ ಹಿಡಿಯರು. ನನ್ನನ್ನು ಕಂಡರೆ ತಲೆ ತಗ್ಗಿಸಿ ಮರದ ಮರೆಗೆ ಸರಿದು ದಾರಿ ಬಿಡುತ್ತಿದ್ದರು. ಎಂಥ ವಿನಯ ಎಂದುಕೊಂಡೆ.

ಕೆಲವು ದಿನ ಹೊತ್ತಿಗೆ ಸರಿಯಾಗಿ ಷಾಪು ತೆರೆದೆ. ಡಾಕ್ಟರು ಒಮ್ಮೆ “ಹೂಂ” ಎಂದರು. ಅವರ ಬಾಯಲ್ಲಿ ಅದು ಸನ್ಮಾನಪತ್ರ. ಮನೆಯಲ್ಲಿ ನಮ್ಮಣ್ಣನ ಮುಂದೆ ದಾರಿಯ ಗುಣಗಾನ ಮಾಡಿದೆ. ಅವನು ಹೊಟ್ಟೆ ಹಿಡಿದುಕೊಂಡು ಕೂತಿದ್ದ. ಎರಡು ಮೂರು ದಿನದಿಂದ ಅವನಿಗೆ ಮಲಬದ್ಧತೆ. ನಾಳೆ ಔಷಧ ತರುತ್ತೇನೆ ಎಂದೆ.

ಮರುದಿನ ಸಂಜೆ ಅವನಿಗಾಗಿ ನನ್ನ ಕೈಯಾರೆ ಒಂದು ಬಾಟಲಿ ಕಲಸಿ, ಚೀಲದಲ್ಲಿ ಹಾಕಿಕೊಂಡು, ತೋಪಿನ ದಾರಿ ಹಿಡಿದೆ. ಗಡಿ ದಾಟಿ ಮದ್ರಾಸ್ ಸರ್ಕಾರದೊಳಕ್ಕೆ ಬಂದದ್ದೇ ತಡ, ಪೊದೆಯ ಹಿಂದಿನಿಂದ ಪೊಲೀಸಿನವನೊಬ್ಬ ಎದ್ದು ನಿಂತ.

ಆಗ ಮದ್ರಾಸ್ ಕಡೆ ಹೆಂಡ, ಸಾರಾಯಿ ಎಲ್ಲ ನಿಷೇಧವಾಗಿತ್ತು. ಯಳಂದೂರು ಕಡೆ ಈಚಲ ಮರಗಳಿಗೆ ಇನ್ನೂ ಗಡಿಗೆ ತೂಗುತ್ತಿದ್ದವು. ಹೀಗಾಗಿ ಆ ಕಡೆಯ ಹೆಂಡ ಈ ಕಡೆಯ ಗಂಟಲಿಗೆ ಯಾವುದೋ ದಾರಿಯಲ್ಲಿ ಬರಲೇಬೇಕಾಗಿತ್ತು. ಯಾವ ದಾರಿಯಲ್ಲಿ ಎಂಬುದು ನನಗೆ ಆ ಕ್ಷಣದಲ್ಲಿ ಹೊಳೆಯಿತು. ಅಷ್ಟು ನುಣ್ಣಗೆ ಸವೆದದ್ದು ಸುಮ್ಮನೆ ಅಲ್ಲ.

“ಯಾರ್ ಸಾರ್ ನೀವು? ಈ ದಾರೀಲಿ ಏನ್ ಕೆಲಸ?” ಎಂದ ಪೊಲೀಸಿನವನು. ಕೊಯಮತ್ತೂರು ಕಡೆಯವನು, ಮಾತಿನಲ್ಲಿ ತಮಿಳು ಬೆರೆತಿತ್ತು.

“ಹತ್ತಿರದ ದಾರಿ ಅಂತ ಬಂದೆ.”

“ಎಲ್ಲಾರೂ ಅಪ್ಡಿ ತಾನ್ ಸೊಲ್ರಾಂಗ” ಎಂದ. ಎಲ್ಲರೂ ಹಾಗೇ ಹೇಳುವುದು ಎಂದರ್ಥ. ಚೀಲಕ್ಕೆ ಕೈ ಹಾಕಿ ಬಾಟಲಿ ತೆಗೆದ. ಬಿರಡೆ ಬಿಚ್ಚಿ ಮೂಸಿದ. “ವಾಸನೆ ಸರಿ ಇಲ್ಲ ಸಾರ್.”

“ಅದು ಔಷಧ ಕಣಯ್ಯ.”

“ಕುಡಿಯೋವ್ರಿಗೆಲ್ಲ ಅದು ಔಷಧಾನೇ.”

ಅವನು ಹೇಳಿದ್ದರಲ್ಲಿ ಕೋಪಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಮಾತಿನಲ್ಲಿ ಮರ್ಯಾದೆ ಇತ್ತು, ಮುಖದಲ್ಲಿ ನಗು ಇತ್ತು. ಆದರೆ ನನ್ನೊಳಗಿನ ಕಾಂಪೌಂಡರು ಎದ್ದು ನಿಂತ. ನಾನು ಕಲಸಿದ ಔಷಧವನ್ನು ಹೆಂಡ ಎನ್ನುವುದೆಂದರೇನು?

“ಕೊಡಿಲ್ಲಿ. ಕುಡಿದೇ ತೋರಿಸ್ತೀನಿ.”

“ಬೇಡ ಸಾರ್. ಠಾಣೆಗೆ ಬನ್ನಿ, ನಮ್ಮ ಏಟಯ್ಯ ನೋಡಿ ಬಿಟ್ಟುಬಿಡ್ತಾರೆ.” ಏಟಯ್ಯ ಎಂದರೆ ಅವರ ಹೆಡ್ ಕಾನ್‌ಸ್ಟೇಬಲ್.

ಅವನು ಬೇಡ ಬೇಡ ಎನ್ನುತ್ತಿದ್ದ ಹಾಗೇ ನಾನು ಗಟಗಟನೆ ಕುಡಿದೆ. ಹೆಂಡ ಕುಡಿದ ಮುಖಕ್ಕೂ ಭೇದಿ ಔಷಧ ಕುಡಿದ ಮುಖಕ್ಕೂ ವ್ಯತ್ಯಾಸ ಗೊತ್ತಾಗದಷ್ಟು ದಡ್ಡನಲ್ಲ ಅವನು. ಅರೆಕ್ಷಣ ನನ್ನ ಮುಖ ನೋಡಿ, ಸೆಲ್ಯೂಟ್ ಹೊಡೆದು, “ಬೇಗ ಮನೆಗೆ ಹೋಗಿ ಸಾರ್” ಎಂದ. ಅವನ ಅನುಮಾನ ಅಲ್ಲಿಗೆ ಪರಿಹಾರವಾಯಿತು. ನನ್ನ ಕಷ್ಟ ನಮ್ಮ ಬೀದಿಯ ತಿರುವಿಗೆ ಬರುವ ಹೊತ್ತಿಗೆ ಶುರುವಾಯಿತು.

ಮರುದಿನ ನಾನು ಕೆಲಸಕ್ಕೆ ಹೋಗುವ ಸ್ಥಿತಿಯಲ್ಲಿ ಇರಲಿಲ್ಲ. ನಮ್ಮಣ್ಣ ಹೊಟ್ಟೆ ಹಿಡಿದುಕೊಂಡೇ ಬಸ್ಸಿನಲ್ಲಿ ಹೋಗಿ ಬೀಗದ ಕೈ ಕೊಟ್ಟು ಬಂದ. ಅದರ ಮರುದಿನ ಡಾಕ್ಟರು ಕೇಳಿದರು.

“ಏನಾಗಿತ್ತು?”

“ಹೊಟ್ಟೆ ಸಾರ್.”

“ಏನು ತಿಂದೆ?”

“ನಮ್ಮ ಷಾಪಿನದೇ ಸಾರ್.”

ಡಾಕ್ಟರು ಬೀಗದ ಕೈಯನ್ನು ನನ್ನ ಕೈಗೆ ಹಾಕಿದರು. “ಸಂತೆ ದಿವಸ ಹಳ್ಳಿಯವರೆಲ್ಲ ಬರ್ತಾರೆ. ಅವತ್ತು ಬೀರು ತೆಗೆಯೋದು ತಡವಾದರೆ ಇದನ್ನು ಇಲ್ಲಿಟ್ಟು ಹೋಗು” ಎಂದರು. ಇದನ್ನು ಎಂದರೆ ಬೀಗದ ಕೈಯನ್ನು. ಹೋಗು ಎಂದರೆ ಕೆಲಸ ಬಿಟ್ಟು. ನನಗೆ ಅರ್ಥವಾಯಿತು.

ನೀವು ನನ್ನ ಜಾಗದಲ್ಲಿ ಇದ್ದಿದ್ದರೆ ಸಂತೆ ದಿವಸ ಸುಮ್ಮನೆ ರಸ್ತೆ ಹಿಡಿಯುತ್ತಿದ್ದಿರಿ. ನಾನೂ ಹಾಗೇ ಯೋಚಿಸಿದೆ. ಆದರೆ ಅಷ್ಟರಲ್ಲಿ ಮಾವ ನನ್ನನ್ನು ಕಂಡು ಬಹಳ ದಿನವಾಗಿತ್ತು. ಇಷ್ಟು ದಿನ ಎಲ್ಲಿ ಹೋಗಿದ್ದಿರಿ ಎಂದು ಕೇಳುತ್ತಾರೆ. ಹ್ಯಾಂಡಲ್ ಹಿಡಿದುಕೊಂಡು ಕೇಳುತ್ತಾರೆ. ನಿಮ್ಮನ್ನು ತಪ್ಪಿಸಿಕೊಂಡು ತಿರುಗುತ್ತಿದ್ದೆ ಎನ್ನಲು ಆಗುತ್ತದೆಯೇ? ಇಂಥ ಪ್ರಶ್ನೆಗೆ ಉತ್ತರ ಹುಡುಕುವುದಕ್ಕಿಂತ ದಾರಿ ಹುಡುಕುವುದು ಸುಲಭ ಎನಿಸಿತು. ಮಾಂಬಳ್ಳಿ ಬರುವ ತನಕ ರಸ್ತೆಯಲ್ಲೇ ಹೋಗುವುದು, ಊರು ಬರುವ ಮುಂಚೆ ಕಬ್ಬಿನ ಗದ್ದೆಗಳ ಕಡೆ ಇಳಿಯುವುದು, ಊರ ಹಿಂದಿನಿಂದ ಬಳಸಿ ಮತ್ತೆ ರಸ್ತೆಗೆ ಹತ್ತುವುದು. ಎಮ್ಮೆ ಇಲ್ಲ, ಪೊಲೀಸಿಲ್ಲ, ಮಾವ ಇಲ್ಲ. ಯೋಜನೆಯಲ್ಲಿ ಒಂದು ಕುಂದೂ ಕಾಣಲಿಲ್ಲ.

ಸಂತೆ ದಿವಸ ಬೆಳಿಗ್ಗೆ ಮಂಜೇ ಮಂಜು. ಅವರೆಕಾಯಿ ಕಾಲ, ಸೂರ್ಯ ಏಳಲು ಸೋಮಾರಿತನ ಮಾಡುವ ದಿನಗಳು. ಅಂದುಕೊಂಡ ಜಾಗದಲ್ಲಿ ಕಬ್ಬಿನ ನಡುವೆ ಇಳಿದೆ. ಆಳೆತ್ತರದ ಕಬ್ಬು. ದಾರಿ ಎಡಕ್ಕೆ ತಿರುಗಿತು, ನಾನೂ ತಿರುಗಿದೆ. ಬಲಕ್ಕೆ ತಿರುಗಿತು, ನಾನೂ ತಿರುಗಿದೆ. ಆಮೇಲೆ ದಾರಿ ನಿಂತಿತು. ಹಿಂದಕ್ಕೆ ಬಂದು ಇನ್ನೊಂದು ದಾರಿ ಹಿಡಿದೆ. ಅದು ಒಂದು ಬಾವಿಗೆ ಹೋಯಿತು. ಬಾವಿಯಿಂದ ಹೊರಟ ದಾರಿ ಜಾಲಿ ಬೇಲಿಗೆ ಹೋಯಿತು. ಅಲ್ಲಿ ಮುಂದಿನ ಚಕ್ರ ಉಸ್ ಎಂದು ಉಸಿರು ಬಿಟ್ಟಿತು. ನನಗೂ ಹಾಗೇ ಬಿಡಬೇಕೆನಿಸಿತು.

ಸೈಕಲ್ ತಳ್ಳಿಕೊಂಡು, ಮುಳ್ಳು ಬಿಡಿಸಿಕೊಂಡು, ಪಂಚೆಯ ಒಂದು ತುಂಡನ್ನು ಬೇಲಿಗೆ ಕಾಣಿಕೆ ಕೊಟ್ಟು, ಕೊನೆಗೆ ರಸ್ತೆ ಕಂಡೆ. ಯಾವ ಸಾಹಸಿಯೂ ಸಮುದ್ರವನ್ನು ಅಷ್ಟು ಆನಂದದಿಂದ ಕಂಡಿರಲಾರ. ಆದರೆ ಮಂಜಿನಲ್ಲಿ ರಸ್ತೆಯ ಎರಡು ಕಡೆಯೂ ಒಂದೇ ಥರ ಕಾಣುತ್ತಿತ್ತು. ಸೂರ್ಯನಿಲ್ಲ, ಕೇಳಲು ಜನರಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಕೈ ಅಡ್ಡ ಹಾಕಿದೆ.

“ಯಳಂದೂರು ಬಸ್ಸೇನಪ್ಪ?”

“ಊಂ ಕಣ್ರಿ, ಯಳಂದೂರ್ ಬಸ್ಸೇ. ಬೇಗ ಅತ್ತಿ” ಎಂದ ಕಂಡಕ್ಟರು.

ಸೈಕಲ್ಲನ್ನು ಬಸ್ಸಿನ ಮೇಲಕ್ಕೆ ಏರಿಸಿದರು. ಒಳಗೆ ಕಾಲಿಡಲು ಜಾಗವಿಲ್ಲ. ಮೂಟೆಗಳ ನಡುವೆ ನುಗ್ಗಿ ಒಂದು ಸೀಟಿನ ತುದಿಗೆ ಆತುಕೊಂಡು ಕೂತೆ. ಬದುಕಿದೆ ಎಂದುಕೊಂಡು ಕಣ್ಣು ಮುಚ್ಚಿದೆ.

“ಅಳಿಮಯ್ಯ?”

ಕಣ್ಣು ತೆರೆದೆ. ಪಕ್ಕದಲ್ಲಿ ಮಾವ ಕೂತಿದ್ದರು. ತೊಡೆಯ ಮೇಲೆ ಅವರೆಕಾಯಿ ತುಂಬಿದ ಚೀಲ.

“ಬದುಕಿದ್ದೀರಾ ಅಳಿಮಯ್ಯ? ಎಷ್ಟ್ ದಿನ ಆಯ್ತು ನಿಮ್ಮ ಕಂಡು. ಏನ್ ಕಾಯ್ಲೆ ಬಂತೋ ಅಂತ ನಿಮ್ಮತ್ತೆ ದಿನಾ ನನ್ ಜೀವ ತಿಂತಾವಳೆ. ದಿನಾ ಮಜ್ಗೆ ಎತ್ತಿಡ್ತಾಳೆ, ಬೈಗ್ಗೆ ಕರುಗೆ ಉಯ್ತಾಳೆ. ಅದ್ಕೆ ಒಂದ್ಸಲ ನೋಡ್ಕಂಡ್ ಬರವ ಅಂತ ನಿಮ್ಮನೆಗೇ ಒಂಟಿದ್ದೆ.”

ನನಗೆ ನಾಚಿಕೆಯಾಯಿತು. ನಿಜವಾಗಿಯೂ ಆಯಿತು. ನಾನು ಕಾಲುವೆಗೆ ಬಿದ್ದದ್ದು ಯಾರಿಂದ ತಪ್ಪಿಸಿಕೊಳ್ಳಲೋ ಅವರು ನನ್ನ ಕ್ಷೇಮ ವಿಚಾರಿಸಲು ಚಳಿಯಲ್ಲಿ ಎದ್ದು ಹೊರಟಿದ್ದಾರೆ. ಏನು ಹೇಳಬೇಕೆಂದು ಯೋಚಿಸುತ್ತಿದ್ದವನಿಗೆ ಅವರ ಮಾತಿನ ಕೊನೆ ತಡವಾಗಿ ಕಿವಿಗೆ ಬಿತ್ತು.

“ನಮ್ಮ ಮನೆಗೆ ಹೊರಟಿದ್ದಿರಾ?”

“ಊಂ.”

“ನಮ್ಮ ಮನೆ ಇರೋದು ಕೊಳ್ಳೇಗಾಲದಲ್ಲಿ ಮಾವ.”

“ನಂಗೊತ್ತಿಲ್ವಾ?”

“ಈ ಬಸ್ಸು ಯಳಂದೂರು ಬಸ್ಸು.”

“ಊಂ, ಯಳಂದೂರಿಂದ ಬಂತು” ಎಂದರು ಮಾವ.

ಮೂಟೆಗಳ ಮೇಲಿಂದ ಕತ್ತು ಚಾಚಿ ಹೊರಗೆ ನೋಡಿದೆ. ಮಂಜು ಕರಗುತ್ತಿತ್ತು. ಕೊಳ್ಳೇಗಾಲ ನಮ್ಮೆದುರಿಗೆ ಬರುತ್ತಿತ್ತು.

ಪರವಾಗಿಲ್ಲ, ಕೊಳ್ಳೇಗಾಲದಲ್ಲೇ ಪಂಚರ್ ಹಾಕಿಸಿಕೊಂಡು ಹಿಂದಕ್ಕೆ ಹಾರಿದರಾಯಿತು ಎಂದು ಧೈರ್ಯ ತಂದುಕೊಂಡೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮಾವ, “ಮೊಕ ಬಾಡೋಗದೆ, ಮೊದ್ಲು ವಸಿ ಕಾಪಿ ಕುಡೀರಿ” ಎಂದು ಹೋಟೆಲಿಗೆ ಎಳೆದರು. ಅಷ್ಟು ಪ್ರೀತಿಗೆ ಇಲ್ಲವೆನ್ನಲು ಆಗಲಿಲ್ಲ. ಕಾಫಿ ಬಿಸಿಯಾಗಿತ್ತು. ಊದಿ ಊದಿ ಕುಡಿದು ಬರುವ ಹೊತ್ತಿಗೆ ಕೂಲಿಯವರು ಬಸ್ಸಿನ ಮೇಲೆ ಉಪ್ಪಿನ ಮೂಟೆ, ಸೀಮೆಣ್ಣೆ ಡಬ್ಬ, ಬೆಲ್ಲದ ಪಿಂಡಿ ಎಲ್ಲ ಪೇರಿಸಿ ಹಗ್ಗ ಬಿಗಿದು ಇಳಿಯುತ್ತಿದ್ದರು. ಎಲ್ಲದಕ್ಕೂ ತಳದಲ್ಲಿ ನನ್ನ ಸೈಕಲ್ಲಿನ ಒಂದು ಪೆಡಲ್ ಮಾತ್ರ ಹೊರಗೆ ಚಾಚಿಕೊಂಡಿತ್ತು.

“ಸೈಕಲ್ ಇಳಿಸಪ್ಪ” ಎಂದೆ ಕಂಡಕ್ಟರಿಗೆ.

“ಬಿಗ್ದಿದ್ ಅಗ್ಗ ಬಿಚ್ಚಕ್ಕಾಗಲ್ಲ ಸಾ. ಮೂಟೆ ಎಲ್ಲಾ ಹನೂರಿಂದು. ಅಲ್ಲಿಗೆ ಬನ್ನಿ, ಇಳಿಸ್ಕೊಡ್ತೀನಿ.”

ಯಳಂದೂರು ಕೊಳ್ಳೇಗಾಲಕ್ಕೆ ಪಡುವಲಿಗೆ. ಹನೂರು ಮೂಡಲಿಗೆ, ಮಾದೇಶ್ವರನ ಬೆಟ್ಟದ ದಾರಿಯಲ್ಲಿ. ಮಾವ ಸಮಾಧಾನವಾಗಿ ಒಂದು ಮಾತು ಹೇಳಿದರು. “ಸೈಕಲ್ ಎಲ್ಲೋಯ್ತದೆ? ಸಂಜೆಗೆ ಬತ್ತದೆ. ನೀವು ಬೇರೆ ಬಸ್ಸಲ್ಲಿ ಕೆಲ್ಸಕ್ ಓಗಿ.” ಆ ದಿನ ಆಡಿದ ಮಾತುಗಳಲ್ಲಿ ವಿವೇಕದ್ದು ಅದೊಂದೇ. ಆದರೆ ನನ್ನ ಸೈಕಲ್ಲನ್ನು ಹನೂರಿನಲ್ಲಿ ಯಾರೂ ಇಳಿಸಿಕೊಳ್ಳದೆ, ಅದು ಹಾಗೇ ಬೆಟ್ಟ ಹತ್ತಿ ಹೋದರೆ? ಬಸ್ಸು ಹೊರಟಿತು. ನಾನು ಓಡಿ ಹತ್ತಿದೆ. ಹಿಂದೆಯೇ ಮಾವನೂ ಅವರೆಕಾಯಿ ಸಮೇತ ಹತ್ತಿದರು.

“ನೀವ್ಯಾಕೆ ಮಾವ?”

“ಈ ಪಾಟಿ ದಾರಿ ತಪ್ಪೋರ್ನ ಒಬ್ರನ್ನೇ ಕಳ್ಸಕ್ಕಾಯ್ತದಾ?”

ಬಸ್ಸು ನಮ್ಮ ಬೀದಿಯ ತುದಿಯನ್ನು ಹಾದು ಹೋಯಿತು. ಅಲ್ಲಿ ಬಾವಿಯಿಂದ ನೀರು ಹೊತ್ತು ಗೌರಿ ಬರುತ್ತಿದ್ದಳು. ಬೆಳಿಗ್ಗೆ ಪಡುವಲಿಗೆ ಹೊರಟ ಗಂಡ ಈಗ ಹರಿದ ಪಂಚೆಯಲ್ಲಿ ಮೂಡಲಿಗೆ ಹೋಗುತ್ತಿದ್ದಾನೆ, ಪಕ್ಕದಲ್ಲಿ ಸೋದರಮಾವ ಕೂತಿದ್ದಾರೆ. ಅವಳು ಕೂಗಲಿಲ್ಲ, ಕರೆಯಲಿಲ್ಲ. ಕೊಡವನ್ನು ಕೆಳಗಿಳಿಸಿ ನೋಡುತ್ತಾ ನಿಂತಳು. ನಾನು ಕೈ ಬೀಸಿದೆ. ಬೇರೇನು ಮಾಡಲಿ?

ಊರು ದಾಟಿದ ಮೇಲೆ ಮಾವ ನನ್ನ ಕಡೆ ತಿರುಗಿದರು. “ಅಲ್ಲಾ ಅಳಿಮಯ್ಯ, ಕಾಯ್ಲೆ ಇಲ್ಲ ಅಂತೀರಿ. ಇಷ್ಟ್ ದಿನ ಯಾವ್ ದಾರೀಲಿ ಓಯ್ತಿದ್ರಿ?”

ಬಂದೇ ಬಂತು ಪ್ರಶ್ನೆ. ಇದರ ಹಿಂದೆ ‘ಯಾಕೆ’ ಎಂಬ ಇನ್ನೊಂದು ಪ್ರಶ್ನೆ ಕಾದು ನಿಂತಿದೆ ಎಂದು ನನಗೆ ಗೊತ್ತಿತ್ತು. ಅದು ಬರದ ಹಾಗೆ ಮಾಡಲು ಒಂದೇ ಉಪಾಯ, ಮಾತು ನಿಲ್ಲಿಸಬಾರದು. ಶುರು ಮಾಡಿದೆ. ಸೈಕಲ್ ಸವಾರನಿಗೆ ಯೋಗ್ಯವಾದ ದಾರಿ ಯಾವುದು ಎಂದು ಶಾಸ್ತ್ರೋಕ್ತವಾಗಿ ಪರೀಕ್ಷೆ ಮಾಡುತ್ತಿದ್ದೆ ಎಂದೆ. ದಾರಿಯಲ್ಲಿ ಎಷ್ಟು ವಿಧ ಎಂದೆ. ಏರಿ ದಾರಿಯ ಗುಣಗಳು, ದೋಷಗಳು. ಕೆಸರಿನ ಸ್ವಭಾವ. ಜಲ್ಲಿಗೂ ಗರಸಿಗೂ ಇರುವ ಭೇದ. ಹಿಂಗಾಳಿ ಬೀಸಿದರೆ ಏನು, ಎದುರುಗಾಳಿ ಬೀಸಿದರೆ ಏನು. ಈಚಲ ಗರಿಯ ನೆರಳಿಗೂ ಹೊಂಗೆಯ ನೆರಳಿಗೂ ಹೋಲಿಕೆ. ಮಾವ ಒಂದೆರಡು ಸಲ ಬಾಯಿ ತೆರೆದರು. ಎಡ ಮಂಡಿಯನ್ನು ಮುಟ್ಟಿಕೊಂಡು, “ನಂಗೂವೆ ಈ ಚಳೀಲಿ” ಎಂದು ಆರಂಭಿಸಿದರು. ನಾನು ಚಳಿಗಾಲದಲ್ಲಿ ಟ್ಯೂಬಿನ ಗಾಳಿ ಹೇಗೆ ಕುಗ್ಗುತ್ತದೆ ಎಂಬುದಕ್ಕೆ ಹೋದೆ. ಅವರು ಬಾಯಿ ಮುಚ್ಚಿದರು.

ಹನೂರು ಬಂತು. ಮೂಟೆಗಳು ಇಳಿದವು, ಸೈಕಲ್ ಇಳಿಯಿತು. ಉಪ್ಪಿನ ಭಾರಕ್ಕೆ ಮುಂದಿನ ಚಕ್ರ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಅಲ್ಲಿನ ಸೈಕಲ್ ಷಾಪಿನವನು ಅದನ್ನು ಕಲ್ಲಿನ ಮೇಲಿಟ್ಟು ತಟ್ಟುತ್ತಿದ್ದಷ್ಟು ಹೊತ್ತೂ ನಾನು ಮಾವನ ಪಕ್ಕ ಕೂತು, ಚಕ್ರದ ಕಡ್ಡಿಗಳ ಬಿಗಿತಕ್ಕೂ ಪ್ರಯಾಣದ ಸುಖಕ್ಕೂ ಇರುವ ಸಂಬಂಧವನ್ನು ವಿವರಿಸಿದೆ. ಹೋಟೆಲಿನಲ್ಲಿ ಊಟ ಮಾಡುತ್ತಾ ಎಲೆಯ ಮೇಲೆ ಅನ್ನದಲ್ಲಿ ಕಾಲುವೆ ಏರಿ ಕಟ್ಟಿ, ಹುಳಿ ಹರಿಸಿ ತೋರಿಸಿದೆ. ಮಾವ ತಮ್ಮ ಅನ್ನವನ್ನು ಬೇಗ ಬೇಗ ಉಂಡರು. ವಾಪಸು ಬರುವ ಬಸ್ಸಿನಲ್ಲಿ ಅವರು ಕಣ್ಣು ಮುಚ್ಚಿಕೊಂಡರು. ಎಚ್ಚರವಾಗಿದ್ದಾರೆಂದು ನನಗೆ ಗೊತ್ತಿದ್ದರಿಂದ ನಿಲ್ಲಿಸಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಬಸ್ಸು ಮಾಂಬಳ್ಳಿ ತಲುಪಿತು. ಅದು ಪೂರ್ತಿ ನಿಲ್ಲುವ ಮೊದಲೇ ಮಾವ ಇಳಿದರು. ಅವರೆಕಾಯಿ ಚೀಲ ಸೀಟಿನಲ್ಲೇ ಉಳಿಯಿತು. ಮಂಡಿನೋವಿನವರು ಅಷ್ಟು ಚುರುಕಾಗಿ ಹೋದದ್ದು ಕಂಡು ನನಗೆ ಸಂತೋಷವಾಯಿತು.

ಯಳಂದೂರಿನಲ್ಲಿ ಸಂತೆ ಕರಗುತ್ತಿತ್ತು. ಷಾಪಿನ ಮೆಟ್ಟಿಲ ಮೇಲೆ ಒಬ್ಬ ರೋಗಿಯೂ ಇರಲಿಲ್ಲ. ಡಾಕ್ಟರು ದುಡಿದು ಬೆವೆತು, ಕುರ್ಚಿಯ ಮೇಲೆ ಕೂತು ಬೀಸಣಿಗೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ನಾನು ಉಡಿದಾರದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತೆ. ಬೀರುವಿಗೆ ಬೀಗ ಹಾಗೇ ಇತ್ತು.

“ಹಳ್ಳಿಯವರೆಲ್ಲ ಔಷಧ ಇಲ್ಲದೆ ಹೋದರಾ ಸಾರ್?”

“ಎಲ್ಲರಿಗೂ ಕೊಟ್ಟೆ” ಎಂದರು ಡಾಕ್ಟರು. ಎದ್ದು ಹೋಗಿ ಬೀರುವನ್ನು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಎಳೆದರು. ಹಿಂದೆ ಹಲಗೆ ಇರಲಿಲ್ಲ. ಇರಬೇಕಾದ ಕಡೆ ಗೆದ್ದಲಿನ ಮಣ್ಣು ಇತ್ತು.

“ಗೊತ್ತಿತ್ತಾ?” ಎಂದರು.

“ಇಲ್ಲ ಸಾರ್.”

“ನನಗೂ ಇವತ್ತೇ ಗೊತ್ತಾದದ್ದು.” ಬೀಗದ ಕೈಯನ್ನು ನನ್ನ ಕಡೆ ತಳ್ಳಿದರು. “ಇದನ್ನು ನೀನೇ ಇಟ್ಟುಕೋ. ನಾಳೆ ಎಲ್ಲರೂ ಬರೋ ದಾರೀಲಿ ಬಾ.”

ಮರುದಿನ ಎಲ್ಲರೂ ಬರುವ ದಾರಿಯಲ್ಲೇ ಹೊರಟೆ. ಮಾಂಬಳ್ಳಿ ಹತ್ತಿರವಾದಂತೆ ಮನಸ್ಸು ಹಗುರಾಯಿತು. ಇನ್ನು ಮುಚ್ಚಿಡುವಂಥದ್ದು ಏನೂ ಇಲ್ಲ. ಅಷ್ಟು ಒಳ್ಳೆಯ ಮನುಷ್ಯನ ಜೊತೆ ದಿನಾ ನಾಲ್ಕು ಮಾತಾಡಿದರೆ ಏನಂತೆ, ಬೇಕಾದರೆ ಮನೆಯಿಂದಲೇ ಸ್ವಲ್ಪ ಬೇಗ ಹೊರಡೋಣ ಎಂದುಕೊಂಡು ಬೆಲ್ಲು ಹೊಡೆದೆ. ಸೈಕಲ್ ತಾನಾಗಿಯೇ ನಿಂತಿತು. ಜಗಲಿ ಖಾಲಿಯಾಗಿತ್ತು.

ಅದರ ಮರುದಿನವೂ ಖಾಲಿ. ಮೂರನೆಯ ದಿನ ಜಗಲಿಯ ಮೇಲೆ ಮಡಿಸಿದ ಕಂಬಳಿ ಇತ್ತು, ಅರ್ಧ ಖಾಲಿಯಾದ ಎಲೆಯಡಿಕೆ ತಟ್ಟೆ ಇತ್ತು. ಮಾವ ಇರಲಿಲ್ಲ. ಅತ್ತೆ ಮಜ್ಜಿಗೆ ಹಿಡಿದುಕೊಂಡು ಬಂದರು.

“ಮಾವ ಎಲ್ಲಿ ಅತ್ತೆ? ಹುಷಾರಿಲ್ವಾ?”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು.

“ಈಗ್ ತಾನೆ ಇದ್ರು ಕಣಪ್ಪ. ನಿಮ್ ಬೆಲ್ಲು ಕೇಳುಸ್ತು ನೋಡಿ...” ಎಂದು ಹಿತ್ತಲ ಬಾಗಿಲ ಕಡೆ ನೋಡಿದರು. “ಇತ್ಲು ಬೇಲಿ ಕಿತ್ತು, ತ್ವಾಟಕ್ಕೆ ಅಂತ ಒಂದ್ ಅಡ್ಡದಾರಿ ಮಾಡ್ಕಂಡವ್ರೆ. ಬೋ ಅತ್ರ ಆಯ್ತದಂತೆ.”

ವಾರಗಟ್ಟಲೆ ಎದ್ದು ಬಿದ್ದು ನಾನು ಹುಡುಕಿದ್ದನ್ನು ಮಾವ ಒಂದೇ ಬೆಳಗಿನಲ್ಲಿ ಕಂಡುಕೊಂಡಿದ್ದರು. ಮಜ್ಜಿಗೆ ಕುಡಿದು ಲೋಟವನ್ನು ಜಗಲಿಯ ಮೇಲಿಟ್ಟೆ. ಆ ದಿನ ಡಾಕ್ಟರಿಗಿಂತ ಮುಂಚೆಯೇ ಹೋಗಿ ಷಾಪಿನ ಬಾಗಿಲಲ್ಲಿ ನಿಂತಿದ್ದೆ. ಸಂತೋಷಪಡಬೇಕಾದ ವಿಷಯವೇ. ಪಡಲು ಪ್ರಯತ್ನಿಸುತ್ತಿದ್ದೇನೆ.